ಲಿವರ್‌ಗೆ ಎರಡು ದಿನ, ಕರುಳಿಗೆ ಒಂದು ಮಧ್ಯಾಹ್ನ: ಕಲಬುರಗಿಯ ಒಂದು ರಿವಿಷನ್ ಬ್ಯಾಚ್

ಇಂಟರ್ನ್‌ಶಿಪ್ ಮುಗಿಸಿ ವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುತ್ತಿರುವ ನಾನು ಕಳೆದ ತಿಂಗಳು ಜೀರ್ಣಾಂಗ ಮತ್ತು ಯಕೃತ್ತಿನ ರೋಗಗಳಿಗೆಂದೇ ನಡೆಸಿದ ಮೂರು ದಿನಗಳ ರಿವಿಷನ್ ಬ್ಯಾಚಿಗೆ ಸೇರಿದ್ದೆ. ಕಲಬುರಗಿಯಲ್ಲಿ 1963ರಿಂದ ನಡೆದು ಬಂದ ರಾಂಪುರೆ ವೈದ್ಯಕೀಯ ಕಾಲೇಜಿನ ಜೊತೆಗೆ ಜಿಮ್ಸ್, ಇಎಸ್‌ಐಸಿ, ಕೆಬಿಎನ್ ಕಾಲೇಜುಗಳೂ ಇವೆ. ಇಷ್ಟಿದ್ದರೂ ಪಿಜಿ ತರಬೇತಿ ಎಂದೊಡನೆ ಎಲ್ಲರೂ ಹೈದರಾಬಾದಿನ ಬಸ್ಸು ಹತ್ತುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾರೆ. ಹಾಗಾಗಿ ಊರಲ್ಲೇ ಎದುರಿಗೆ ಕುಳಿತು ಕೇಳುವ ಪಾಠವೆಂದು ಮೂರು ಸಾವಿರ ರೂಪಾಯಿ ಕಟ್ಟಿದೆ. ಮೆಚ್ಚಿಗೆಯಷ್ಟೇ ತಕರಾರೂ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ.

ಮೊದಲ ದಿನದ ಆರಂಭವೇ ಚೆನ್ನಾಗಿತ್ತು. ಪಾಠ ಮಾಡಿದ ಸರ್ ಪುಸ್ತಕದ ವ್ಯಾಖ್ಯೆಯಿಂದ ಹೊರಡದೆ, ನಮ್ಮ ವಾರ್ಡುಗಳಲ್ಲಿ ರೋಗಿಯ ಕಡೆಯವರು ಹೇಳುವ ಮಾತುಗಳನ್ನೇ ಬೋರ್ಡಿನ ಮೇಲೆ ಬರೆದರು: ‘ಕಾಮಣಿ ಆಗ್ಯಾದ್ರಿ’, ‘ಮೈಯೆಲ್ಲ ತುರಸ್ತದ್ರಿ’, ‘ಸಂಡಾಸ ಬೆಳ್ಳಗ ಹೊಂಟದ್ರಿ’. ತುರಿಕೆ ಮತ್ತು ಬಿಳಚಿದ ಮಲ ಒಟ್ಟಿಗೆ ಬಂದರೆ ಪಿತ್ತದ ಹರಿವಿಗೆ ಎಲ್ಲೋ ಅಡ್ಡಿಯಾಗಿದೆ ಎಂದು ಯೋಚಿಸಬೇಕು. ಅದೇ ರಕ್ತಕಣಗಳು ಒಡೆದು ಬಂದ ಕಾಮಣಿ, ಅಂದರೆ ಕಾಮಾಲೆಯಾಗಿದ್ದರೆ ಮಲದ ಬಣ್ಣ ಬಿಳಚುವುದಿಲ್ಲ, ಮೂತ್ರದಲ್ಲಿ ಬಿಲಿರುಬಿನ್ ಎಂಬ ಪಿತ್ತದ ಹಳದಿ ವಸ್ತು ಕಾಣಿಸುವುದಿಲ್ಲ. ನಾಲ್ಕು ವರ್ಷ ಉರು ಹೊಡೆದ ಕೋಷ್ಟಕ ಹೀಗೆ ನಮ್ಮ ಭಾಗದ ಮಾತಿನಲ್ಲಿ ಬಿಚ್ಚಿಕೊಂಡಾಗ, ಪ್ರಶ್ನೆಪತ್ರಿಕೆಯ ನಾಲ್ಕು ಸಾಲಿನ ವಿವರಣೆಯ ಹಿಂದೆ ಒಬ್ಬ ರೋಗಿ ಮಲಗಿದ್ದಾನೆ ಎನ್ನುವುದು ನನಗೆ ಹೊಳೆಯಿತು.

ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯ ಒತ್ತಡವನ್ನು ಅವರು ನಮ್ಮ ಜಿಲ್ಲೆಯ ಬೆಣ್ಣೆತೊರೆ ಅಣೆಕಟ್ಟಿಗೆ ಹೋಲಿಸಿದರು. ಗೇಟು ಬಿಗಿಯಾದಾಗ ಹಿಂದೆ ನಿಂತ ನೀರು ದಾರಿ ಸಿಕ್ಕ ಕಡೆ ನುಗ್ಗುವಂತೆ, ಗಟ್ಟಿಯಾದ ಲಿವರಿನ ಹಿಂದೆ ನಿಂತ ರಕ್ತವೂ ಅನ್ನನಾಳದ ಕೆಳತುದಿ, ಹೊಕ್ಕುಳಿನ ಸುತ್ತು ಮತ್ತು ಗುದನಾಳದ ಕಡೆಗೆ ತಿರುಗುತ್ತದೆ. ಹೋಲಿಕೆ ಹೊಸದೇನಲ್ಲದಿರಬಹುದು, ಆದರೆ ಆ ನೀರನ್ನು ಕಣ್ಣಾರೆ ಕಂಡವರಿಗೆ ಮರೆಯುವುದಿಲ್ಲ.

ಎರಡನೆಯ ದಿನದ ಒಂದು ಲೆಕ್ಕಕ್ಕೇ ನಾನು ಕಟ್ಟಿದ ಫೀ ಸಂದಾಯವಾಯಿತು ಎನ್ನಬೇಕು. ನಡೆದುಕೊಂಡೇ ಓಪಿಡಿಗೆ ಬಂದು ಸ್ಪಷ್ಟವಾಗಿ ಮಾತನಾಡುವ ರೋಗಿ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು 2.6, ಹೊಟ್ಟೆಯಲ್ಲಿ ತುಂಬಿದ ನೀರಿನ ಅಲ್ಬುಮಿನ್ 0.9. ವ್ಯತ್ಯಾಸ 1.7, ಅಂದರೆ 1.1ಕ್ಕಿಂತ ಹೆಚ್ಚು, ಆದ್ದರಿಂದ ನೀರಿಗೆ ಕಾರಣ ಪೋರ್ಟಲ್ ಒತ್ತಡ. ಇಷ್ಟನ್ನು ಎಲ್ಲರೂ ಹೇಳಿದೆವು. ಬಿಲಿರುಬಿನ್ 2.4, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 1.9, ಔಷಧಿಗೆ ಇಳಿಯುವಷ್ಟು ಅಲ್ಪ ನೀರು, ಮಂಪರು ಇಲ್ಲ. ಲಿವರ್ ಎಷ್ಟು ಕೆಟ್ಟಿದೆ ಎಂದು ಅಂಕ ಕೂಡಿಸಿ ಎ, ಬಿ, ಸಿ ಎಂದು ಹೇಳುವ, ಸಿ ಎಂದರೆ ತೀರ ಕೆಟ್ಟದ್ದಾದ ಚೈಲ್ಡ್ ಪ್ಯೂ ವರ್ಗ ಯಾವುದು ಎಂದು ಕೇಳಿದಾಗ ಮುಕ್ಕಾಲು ಹಾಲ್ ಬಿ ಎಂದಿತು, ನಾನೂ ಅದರಲ್ಲಿ ಒಬ್ಬ. ಕೂಡಿಸಿ ನೋಡಿದರೆ ಬಿಲಿರುಬಿನ್‌ಗೆ 2, ಅಲ್ಬುಮಿನ್‌ಗೆ 3, ಐಎನ್‌ಆರ್‌ಗೆ 2, ನೀರಿಗೆ 2, ಮಂಪರಿಲ್ಲದ್ದಕ್ಕೆ 1. ಒಟ್ಟು 10, ಅಂದರೆ ಸಿ. ರೋಗಿ ನಡೆದು ಬಂದ ಎಂಬ ಒಂದೇ ವಿವರ ನಮ್ಮನ್ನು ದಾರಿ ತಪ್ಪಿಸಿತ್ತು. ಸರಿಯುತ್ತರಕ್ಕೆ 4 ಅಂಕ ಕೊಟ್ಟು ತಪ್ಪಿಗೆ 1 ಕಳೆಯುವ ಪರೀಕ್ಷೆಯಲ್ಲಿ ಇಂಥ ಅಂದಾಜಿನ ಬೆಲೆ 5 ಅಂಕ.

ಇನ್ನು ಮುದ್ರಿತ ನೋಟ್ಸಿನ ವಿಷಯ. ಹೆಪಟೈಟಿಸ್ ಬಿ ರಕ್ತಪರೀಕ್ಷೆಯ ಕೋಷ್ಟಕದಲ್ಲಿ ಒಂದು ಸಾಲು ಪಕ್ಕಕ್ಕೆ ಸರಿದು, ಲಸಿಕೆ ಪಡೆದವರಲ್ಲಿ ವೈರಾಣುವಿನ ಒಳತಿರುಳಿನ ವಿರುದ್ಧದ ಪ್ರತಿಕಾಯವಾದ ಆ್ಯಂಟಿ ಎಚ್‌ಬಿಸಿ ಕೂಡ ಪಾಸಿಟಿವ್ ಎಂದು ಅಚ್ಚಾಗಿದೆ. ಲಸಿಕೆಯಲ್ಲಿರುವುದು ವೈರಾಣುವಿನ ಹೊರಮೈಯ ಆ್ಯಂಟಿಜೆನ್ ಮಾತ್ರ. ಆದ್ದರಿಂದ ಅದರ ವಿರುದ್ಧದ ಪ್ರತಿಕಾಯವಾದ ಆ್ಯಂಟಿ ಎಚ್‌ಬಿಎಸ್ ಒಂದೇ ಬರಬೇಕು, ಒಳತಿರುಳಿನ ಪ್ರತಿಕಾಯ ಬಂದರೆ ಆ ವ್ಯಕ್ತಿಗೆ ಸೋಂಕು ತಗಲಿತ್ತು ಎಂದೇ ಅರ್ಥ. ತಪ್ಪನ್ನು ತೋರಿಸಿದಾಗ ಸರ್ ಒಪ್ಪಿಕೊಂಡು ಬೋರ್ಡಿನ ಮೇಲೆ ತಿದ್ದಿದರು. ಆದರೆ ಆಯೋಜಕರು ತಿದ್ದುಪಡಿ ಚೀಟಿಯನ್ನೂ ಹಂಚಲಿಲ್ಲ. ಆ ದಿನ ಬಾರದವರ ಕೈಯಲ್ಲಿ ತಪ್ಪು ಕೋಷ್ಟಕವೇ ಉಳಿದಿದೆ. ಕೊಬ್ಬಿನ ಲಿವರ್ ರೋಗಕ್ಕೆ 2023ರಲ್ಲಿ ಎಂಎಎಸ್‌ಎಲ್‌ಡಿ ಎಂಬ ಹೊಸ ಹೆಸರು ಬಂದರೂ ನೋಟ್ಸಿನಲ್ಲಿ ಹಳೆಯ ಎನ್‌ಎಎಫ್‌ಎಲ್‌ಡಿ ಮಾತ್ರ ಇದೆ.

ಮೂರನೆಯ ದಿನ ಬೆಳಿಗ್ಗೆ ಮಾದರಿ ಪರೀಕ್ಷೆ ನಡೆಯಿತು. ಪ್ರಶ್ನೆಗಳು ಒಳ್ಳೆಯವೇ, ಆದರೆ ಸಮಯದ ಶಿಸ್ತೇ ಇರಲಿಲ್ಲ. 2024ರಿಂದ 40 ಪ್ರಶ್ನೆಗಳ ಒಂದೊಂದು ಭಾಗಕ್ಕೂ 42 ನಿಮಿಷ ಎಂದು ಕಟ್ಟಿಹಾಕಿ, ಹಿಂದಿನ ಭಾಗಕ್ಕೆ ಮರಳಲು ಬಿಡದ ಪರೀಕ್ಷೆಗೆ ನಾವು ತಯಾರಾಗುತ್ತಿರುವಾಗ, ‘ಆರಾಮ ಬರೀರಿ’ ಎಂದು ಹೇಳುವುದು ಔದಾರ್ಯವೇ ಹೊರತು ಅಭ್ಯಾಸವಲ್ಲ.

ಕರುಳಿನ ಪಾಲಿಗೆ ಉಳಿದದ್ದು ಅಂದಿನ ಮಧ್ಯಾಹ್ನ ಮಾತ್ರ. ಅದರಲ್ಲೂ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡದ್ದು, 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಪಡೆದದ್ದು, ಈ ಕಥೆಗೆ ಇಪ್ಪತ್ತು ನಿಮಿಷ ಹೋಯಿತು. ಕಥೆ ನನಗೂ ಇಷ್ಟವೇ. ಆದರೆ ಕರುಳಿನ ಕ್ಷಯ ಮತ್ತು ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ರೋಗವನ್ನು ಬೇರ್ಪಡಿಸುವ ಪಾಠಕ್ಕೆ ಸಿಕ್ಕಿದ್ದು ಐದೇ ನಿಮಿಷ. ಎರಡೂ ಹೆಚ್ಚಾಗಿ ಸಣ್ಣ ಕರುಳಿನ ಕೊನೆಯನ್ನೇ ಹಿಡಿಯುತ್ತವೆ. ಕ್ಷಯದ ಹುಣ್ಣು ಸಾಮಾನ್ಯವಾಗಿ ಅಡ್ಡಕ್ಕೆ, ಕ್ರೋನ್ಸ್ ಹುಣ್ಣು ಉದ್ದಕ್ಕೆ. ಗ್ರ್ಯಾನುಲೋಮ ಎಂಬ ಉರಿಯೂತದ ಗಂಟಿನಲ್ಲಿ ಕೇಸಿಯೇಷನ್, ಅಂದರೆ ಗಿಣ್ಣಿನಂತೆ ಸತ್ತ ಭಾಗ ಕಂಡರೆ ಕ್ಷಯವೆಂದು ವಾದ ಮುಗಿಯಿತು, ಕಾಣದಿದ್ದರೆ ಮುಗಿಯುವುದಿಲ್ಲ. ಕ್ಷಯ ಇಷ್ಟು ಹಬ್ಬಿರುವ ನಮ್ಮ ನಾಡಿನಲ್ಲಿ ಪರೀಕ್ಷೆ ಬರೆಯುವವನಿಗೂ, ನಾಳೆ ಚಿತ್ತಾಪುರದಲ್ಲೋ ಶಹಾಪುರದಲ್ಲೋ ರೋಗಿಯನ್ನು ನೋಡುವವನಿಗೂ ಬೇಕಾದ ಪಾಠವೇ ಇದು. ಮೇದೋಜ್ಜೀರಕ ಗ್ರಂಥಿಯನ್ನಂತೂ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಬಿಟ್ಟರು.

ಹಾಲ್ ಮೊದಲ ಮಹಡಿಯಲ್ಲಿ, ಮೇಲೆ ಬಿಸಿಲಿಗೆ ಕಾದ ಚಾವಣಿ. ಕರೆಂಟ್ ಹೋದಾಗ ಪ್ರೊಜೆಕ್ಟರ್‌ಗೆ ಇನ್ವರ್ಟರ್ ಇತ್ತು, ಫ್ಯಾನಿಗೆ ಇರಲಿಲ್ಲ. ಚಹಾ ಮಾತ್ರ ಮೂರೂ ದಿನ ಸಮಯಕ್ಕೆ ಸರಿಯಾಗಿ ಬಂತು.

ಲಿವರ್ ಭಾಗ ಗೊಂದಲವೆನಿಸುವವರು ಮೊದಲ ಎರಡು ದಿನಗಳಿಗಾಗಿಯೇ ಹೋಗಬಹುದು. ಜಠರ, ಕರುಳು, ಮೇದೋಜ್ಜೀರಕ ಗ್ರಂಥಿಯ ಪುನರಾವರ್ತನೆಗೆ ಬೇರೆ ದಾರಿ ನೋಡಿಕೊಳ್ಳಬೇಕು. ಈ ಮಾತನ್ನು ಹೊರಡುವಾಗ ಆಯೋಜಕರಿಗೂ ಹೇಳಿದೆ. ಅವರು ಬೇಸರಿಸದೆ ಬರೆದುಕೊಂಡರು. ‘ಮುಂದಿನ ಬ್ಯಾಚ್ ನಾಕ ದಿನ ಮಾಡ್ತೀವ್ರಿ ಡಾಕ್ಟ್ರೇ,’ ಎಂದವರು ಪೆನ್ನು ಜೇಬಿಗಿಡುತ್ತ ಸೇರಿಸಿದರು, ‘ಫೀನೂ ನಾಕ ಸಾವಿರ ಆಗ್ತದ.’