ವಿಜಯಪುರದ ಸ್ಮಾರಕ ಕೋಶ: ಒಮೇಕಾ ಎಸ್‌ಗೆ ಹೊರಳಿದ್ದೇಕೆ

ವಿಜಯಪುರ, ಬಾದಾಮಿ, ಐಹೊಳೆಯ ಸ್ಮಾರಕಗಳನ್ನು ಅರಸ, ಶಾಸನ, ಊರುಗಳೊಂದಿಗೆ ಹೆಣೆದು ತೋರಿಸುವ ಜಾಲತಾಣವನ್ನು ಎರಡು ಸಲ ಕಟ್ಟಿದ್ದೇನೆ. ಮೊದಲು ಸೆಮ್ಯಾಂಟಿಕ್ ಮೀಡಿಯಾವಿಕಿಯಲ್ಲಿ (ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶಕ್ಕೆ ಪುಟಗಳ ನಡುವಿನ ಸಂಬಂಧ ದಾಖಲಿಸಲು ಸೇರಿಸುವ ವಿಸ್ತರಣೆ), ಆಮೇಲೆ ಸಂಗ್ರಹಗಳ ಮಾಹಿತಿಯನ್ನು ಜಾಲದಲ್ಲಿಡುವ ತಂತ್ರಾಂಶವಾದ ಒಮೇಕಾ ಎಸ್‌ನಲ್ಲಿ. ಮೂರನೆಯ ಸಲ ಕಟ್ಟಬೇಕಾಗಿ ಬಂದರೂ ಒಮೇಕಾ ಎಸ್ ಬಿಡುವುದಿಲ್ಲ.

ವಿಕಿಯ ಮೇಲೆ ನನ್ನ ತಕರಾರು ಒಂದೇ. ಮಹಮ್ಮದ್ ಆದಿಲ್ ಷಾ ಕಟ್ಟಿಸಿದ್ದನ್ನೆಲ್ಲ ತೋರಿಸು ಎಂದರೆ 1656ರಲ್ಲಿ ಮುಗಿದ ಗೋಲಗುಂಬಜ್ ಬರುತ್ತಿತ್ತು, ಆಸಾರ್ ಮಹಲ್ ಬರುತ್ತಿರಲಿಲ್ಲ. ಎರಡೂ ಪುಟಗಳಲ್ಲಿ ಅರಸನ ಹೆಸರು ಒಂದೇ ರೀತಿ ಕಾಣುತ್ತಿತ್ತು. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ, ಎರಡು ಕೊಂಡಿಗಳ ವಿಳಾಸಗಳನ್ನು ನಕಲಿಸಿ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದು ವಿಳಾಸ 18 ಅಕ್ಷರ ಹೆಚ್ಚು ಉದ್ದವಿತ್ತು.

ಅದರಲ್ಲಿ ಅರಸನ ಹೆಸರಿನ ‘ದ್’ ಮತ್ತು ‘ಲ್’ ಬೆನ್ನಿಗೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಕುಳಿತಿತ್ತು. ವಿಳಾಸದಲ್ಲಿ ಅದು ಒಂದೊಂದೂ 9 ಅಕ್ಷರವಾಗುತ್ತದೆ. ‘ಸರ್ವರ್‌ನಲ್ಲಿ’ ಎಂದು ಬರೆಯುವಾಗ ಒತ್ತು ಮೂಡದಂತೆ ತಡೆಯುವುದು ಇದೇ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿದಾಗ ಬೇಡದ ಕಡೆಯೂ ಸೇರಿಕೊಂಡಿತ್ತು. ಸೆಮ್ಯಾಂಟಿಕ್ ಮೀಡಿಯಾವಿಕಿಯಲ್ಲಿ ಪುಟದ ಹೆಸರೇ ಗುರುತು. ಹೆಸರು ಬೇರೆಯಾದರೆ ಅರಸನೇ ಬೇರೆ! ಒಂದು ಹೆಸರಿನಿಂದ ಇನ್ನೊಂದಕ್ಕೆ ಕಳಿಸುವ ಪುನರ್ನಿರ್ದೇಶನ ಪುಟ ಮಾಡಿದರೆ ಎರಡನ್ನೂ ಒಂದೆಂದು ಒಪ್ಪುತ್ತದೆ, ನಿಜ. ಆದರೆ ತಪ್ಪು ಎಲ್ಲಿ ಅಡಗಿದೆಯೆಂದು ಗೊತ್ತಾದರೆ ತಾನೆ?

ಒಮೇಕಾ ಎಸ್‌ನಲ್ಲಿ ಪ್ರತಿ ನಮೂದಿಗೂ ಒಂದು ಸಂಖ್ಯೆ ಇರುತ್ತದೆ. ಕಟ್ಟಿಸಿದವರ ಹೆಸರನ್ನು ಬೆರಳಚ್ಚಿಸಬೇಕಿಲ್ಲ, ಈಗಾಗಲೇ ಇರುವ ನಮೂದನ್ನು ಹುಡುಕಿ ಆರಿಸಿಕೊಂಡರೆ ಸಾಕು. ವಾತಾಪಿ ಎಂಬ ಹಳೆಯ ಹೆಸರು ಬಾದಾಮಿಯ ನಮೂದಿನಲ್ಲೇ, ವಿವರ ದಾಖಲಿಸಲು ಬಳಸುವ ಸಿದ್ಧ ಶಬ್ದಪಟ್ಟಿಯಾದ ಡಬ್ಲಿನ್ ಕೋರ್‌ನ ಪರ್ಯಾಯ ಶೀರ್ಷಿಕೆಯಾಗಿ ಕೂರುತ್ತದೆ. 2014ರ ನವೆಂಬರ್ 1ರವರೆಗೆ ಅಧಿಕೃತವಾಗಿದ್ದ ಬಿಜಾಪುರ ಎಂಬ ಹೆಸರೂ ಹಾಗೆಯೇ.

ವಿಕಿಪೀಡಿಯದ ಸೋದರ ಮಾಹಿತಿಕೋಶ ವಿಕಿಡೇಟಾವನ್ನು ನಡೆಸುವ ತಂತ್ರಾಂಶ ವಿಕಿಬೇಸ್‌ನಲ್ಲೂ ಸಂಖ್ಯೆಯೇ ಗುರುತು. ಅದರ ಪ್ರಶ್ನಾ ಸೇವೆಗೆ ನನ್ನ 2 ಜಿಬಿಯ ಬಾಡಿಗೆ ಸರ್ವರ್ ಸಾಲಲಿಲ್ಲ, ಅಷ್ಟೇ.

ಒಮೇಕಾ ಎಸ್‌ನ ಕೊರತೆಯೆಂದರೆ ಹೆಣೆದ ಮಾಹಿತಿಯನ್ನು ಪ್ರಶ್ನಿಸುವ ಸ್ಪಾರ್ಕಲ್ ಭಾಷೆಯ ಸೌಲಭ್ಯ ಅದರ ಜೊತೆಗೇ ಬರುವುದಿಲ್ಲ. ‘ಐಹೊಳೆಯ ಮೇಗುತಿ ಶಾಸನದಲ್ಲಿ ಹೆಸರಿರುವ ಅರಸರ ಕಾಲದ ಗುಡಿಗಳು ಯಾವುವು’ ಎಂಬಂತಹ ಪ್ರಶ್ನೆ ಎದ್ದಾಗ, ಕೊಂಡಿಗಳ ಸಮೇತ ಮಾಹಿತಿ ಉಳಿಸುವ ಜೆಸಾನ್-ಎಲ್‌ಡಿ ರೂಪದಲ್ಲಿ ಮಾಹಿತಿಯನ್ನು ಇಳಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಸ್ಪಾರ್ಕಲ್ ಪ್ರಶ್ನೆಗೆ ಉತ್ತರಿಸುವ ಅಪಾಚೆ ಜೀನಾ ತಂತ್ರಾಂಶಕ್ಕೆ ಉಣಿಸುತ್ತೇನೆ. ತಿಂಗಳಿಗೆ ಒಂದೆರಡು ಸಲದ ಕೆಲಸವಾದ್ದರಿಂದ ನನಗೆ ಹೊರೆಯೆನಿಸಿಲ್ಲ. ನಮ್ಮಲ್ಲಿ ದಿನವೂ ಮಾಹಿತಿ ತುಂಬುವವರು ನಿವೃತ್ತ ಮಾಸ್ತರರೊಬ್ಬರು. ಅವರ ಕೈಗೆ ಒಗ್ಗುವುದೇ ನನಗೆ ಮುಖ್ಯ. ಕಳೆದ ವಾರ ಇಬ್ರಾಹಿಂ ರೋಜಾ ಮುಗಿಸಿದ ಅವರು ಈಗ ತಾಜ್ ಬಾವಡಿಗೆ ಬಂದಿದ್ದಾರೆ. ಎರಡರಲ್ಲೂ ಎರಡನೆಯ ಇಬ್ರಾಹಿಂ ಆದಿಲ್ ಷಾ ಒಬ್ಬನೇ ಇದ್ದಾನೆ.