ಡಾಂಬರ್ ರಸ್ತೆಯಲ್ಲಿ 4ಎಚ್ ಹಾಕಿ ಓಡಿಸಬೇಡಿ: ಹೊಸದಾಗಿ ಫೋರ್ ಬೈ ಫೋರ್ ಪಿಕಪ್ ತಗೊಂಡವರಿಗೆ

ನೀವು ಫೋರ್ ಬೈ ಫೋರ್ ಪಿಕಪ್ ತಗೊಂಡಿದ್ದರೆ, ಅಥವಾ ತಗೊಳ್ಳೋ ಯೋಚನೆಯಲ್ಲಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿ ಕೊಡುವಾಗ ಹೇಳಿದ ಒಂದು ಮಾತನ್ನು ನಂಬಿ ನಮ್ಮ ಹೊಸ ಗಾಡಿಯ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಮೊದಲ ಮಳೆಗಾಲದಲ್ಲೇ ಹಾಳಾಯಿತು. ಅದೇ ಮಾತನ್ನು ನಿಮಗೂ ಯಾರಾದರೂ ಹೇಳಬಹುದು.

ನಮ್ಮ ಹೊಲ ಅಣ್ಣಿಗೇರಿ ಕಡೆ ಇದೆ, ಪಕ್ಕಾ ಎರೆ ಭೂಮಿ. ಮಳೆ ಬಿದ್ದ ಮೇಲೆ ಹೊಲದ ದಾರಿಯಲ್ಲಿ ಸಾದಾ ಗಾಡಿ ಹೋಗೋದಿಲ್ಲ. ಅದಕ್ಕೇ ಜಾಸ್ತಿ ದುಡ್ಡು ಹಾಕಿ ಫೋರ್ ಬೈ ಫೋರ್ ತಗೊಂಡೆವು. ಡೆಲಿವರಿ ದಿನ ಪೂಜೆ ಆಯಿತು, ಹಾರ ಹಾಕಿ ಫೋಟೋ ತೆಗೆದರು. ಗಾಡಿ ತೋರಿಸುತ್ತಿದ್ದ ಹುಡುಗ ಗೇರ್ ಪಕ್ಕದ ಗುಂಡಿಯನ್ನು 4ಎಚ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಕಡೆಗೆ, ತಿರುಗಿಸಿ ಹೇಳಿದ: "ಮಳಿಗಾಲ ಮುಗಿಯೂತನಕ 4ಎಚ್‌ನ್ಯಾಗ ಇಟ್ಟಬಿಡ್ರಿ ಸರ. ರೋಡ್ ಗ್ರಿಪ್ ಭಾಳ ಛಲೋ ಬರ್ತೈತಿ." ಶೋರೂಮಿನವರೇ ಹೇಳಿದ್ದು ಅಂತ ನಾನೂ ನನ್ನ ತಮ್ಮನೂ ಹಾಗೇ ಓಡಿಸಿದೆವು. ಹೊಲಕ್ಕೂ ಅದೇ, ಹುಬ್ಬಳ್ಳಿಗೂ ಅದೇ. ಗದಗ ರಸ್ತೆ ಒಂದು ಮಳೆಗೆ ಒದ್ದೆಯಾಗಿ ಅರ್ಧ ಗಂಟೆಯಲ್ಲಿ ಒಣಗಿಬಿಡುತ್ತದೆ. ನಮ್ಮ ಗಾಡಿ ಮಾತ್ರ 4ಎಚ್‌ನಲ್ಲೇ ಇರುತ್ತಿತ್ತು.

ಮೊದಲು ಗೊತ್ತಾಗಿದ್ದು ಅಮರಗೋಳದ ಎಪಿಎಂಸಿಯಲ್ಲಿ. ಹೆಸರುಕಾಳಿನ ಚೀಲ ಇಳಿಸಿ, ಕಾಂಕ್ರೀಟ್ ಮೇಲೆ ಗಾಡಿ ತಿರುಗಿಸುವಾಗ ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಯಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಯಾರೋ ಬ್ರೇಕ್ ಹಿಡಿದ ಹಾಗೆ ಗಾಡಿ ನಿಂತಿತು. ಮತ್ತೆ ಒತ್ತಿದರೆ ಮುಂದಿನ ಟೈರು ಕಿರ್ ಅಂತ ಕೆರೆದು ಒಂದು ಗೇಣು ಹಾರಿತು. ಕೆಳಗಿಂದ ಟಕ್ ಅಂತ ಸದ್ದು. ಶೋರೂಮಿಗೆ ಫೋನ್ ಮಾಡಿ ಕೇಳಿದರೆ "ಹೊಸ ಗಾಡಿ ಸರ, ಸೆಟ್ ಆಗ್ತೈತಿ" ಅಂದರು. ಆಮೇಲೆ ಗುಂಡಿಯನ್ನು 2ಎಚ್‌ಗೆ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ) ತಿರುಗಿಸಿದರೂ ಮೀಟರಿನಲ್ಲಿ 4ಎಚ್ ದೀಪ ಮಿನುಗುತ್ತಲೇ ಇರುವುದು ಶುರುವಾಯಿತು. ಕೊನೆಗೆ 60ರ ಮೇಲೆ ಹೋದರೆ ಸೀಟಿನ ಕೆಳಗಿಂದ ಗುಂಯ್ ಅನ್ನೋ ಸದ್ದು.

ಹುಬ್ಬಳ್ಳಿಯ ಒಬ್ಬ ಹಳೆಯ ಮೇಸ್ತ್ರಿ ಹತ್ತಿರ ತೋರಿಸಿದೆ. ಅವರು ಟ್ರಾನ್ಸ್‌ಫರ್ ಕೇಸಿನ ಆಯಿಲ್ ಅನ್ನು ಒಂದು ತಗಡಿನ ಟ್ರೇಗೆ ಇಳಿಸಿದರು. ಬಿಸಿಲಿಗೆ ಹಿಡಿದಾಗ ಅದರಲ್ಲಿ ಬೆಳ್ಳಿ ಪುಡಿ ಉದುರಿಸಿದಂತೆ ಮಿಣಮಿಣ. ಒಂದು ಮ್ಯಾಗ್ನೆಟ್ ಅದ್ದಿ ತೆಗೆದರು. ಬೂದು ಬಣ್ಣದ ಅಂಟು ದಪ್ಪಗೆ ಹತ್ತಿಕೊಂಡು ಬಂತು, ಅದೆಲ್ಲ ಕಬ್ಬಿಣದ ಪುಡಿ. ಒಳಗಿನ ಚೈನು ಎಳೆದು ಸಡಿಲಾಗಿತ್ತು. "ಅಣ್ಣಾರ, ಡಾಂಬರ್ ಮ್ಯಾಗ 4ಎಚ್ ಹಾಕಿ ಓಡಿಸೀರೇನು?" ಅಂತ ಕೇಳಿದರು. ಯಾರೂ ಏನೂ ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಶೋರೂಮಿನವರು ವಾರಂಟಿ ಕೊಡಲಿಲ್ಲ. "ಬಳಸಿದ ರೀತಿ ಸರಿ ಇಲ್ಲ" ಅಂತ ಬರೆದುಕೊಟ್ಟರು. ನಿಮ್ಮ ಹುಡುಗನೇ ಹೇಳಿದ್ದಲ್ವಾ ಅಂದರೆ, ಹೇಳಿದ್ದಕ್ಕೆ ದಾಖಲೆ ಏನಿದೆ ಅಂದರು. ಒಣ ಗಟ್ಟಿ ರಸ್ತೆಯಲ್ಲಿ 4ಎಚ್ ಬೇಡ ಅಂತ ಕೈಪಿಡಿಯಲ್ಲಿ ಇದೆಯಂತೆ, ಇಂಗ್ಲಿಷಿನಲ್ಲಿ. ಲಕ್ಷಗಟ್ಟಲೆ ಕೊಟ್ಟು ಗಾಡಿ ತಗೊಂಡ ರೈತನಿಗೆ ಆ ಒಂದು ಸಾಲನ್ನು ಕನ್ನಡದಲ್ಲಿ ಹೇಳೋದು ಮಾರುವವರ ಕೆಲಸ. ನನ್ನ ಸಿಟ್ಟು ಇರೋದು ಅಲ್ಲೇ.

ಈಗ ಯಾಕೆ ಹೀಗಾಗುತ್ತದೆ ಅಂತ ಹೇಳುತ್ತೇನೆ. ಇದು ತಿಳಿದರೆ ಉಳಿದಿದ್ದೆಲ್ಲ ತಾನಾಗಿ ತಿಳಿಯುತ್ತದೆ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ನಮ್ಮ ಪಿಕಪ್‌ಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಸುಮಾರು 3.1 ಮೀಟರ್ ಇರುತ್ತದೆ. ಒಂದು ಬಿಗಿ ಯೂ ಟರ್ನ್‌ನಲ್ಲಿ ಹಿಂದಿನ ಆಕ್ಸಲ್ 19 ಮೀಟರ್ ಓಡಿದರೆ ಮುಂದಿನದು 21 ಮೀಟರ್ ಓಡಬೇಕು. 2ಎಚ್‌ನಲ್ಲಿ ಇದರಿಂದ ತೊಂದರೆ ಇಲ್ಲ, ಮುಂದಿನ ಚಕ್ರಗಳಿಗೆ ಇಂಜಿನ್ ಸಂಬಂಧವೇ ಇರೋದಿಲ್ಲ. 4ಎಚ್ ಹಾಕಿದರೆ ಮುಂದಿನ ಶಾಫ್ಟು ಹಿಂದಿನ ಶಾಫ್ಟು ಒಂದಕ್ಕೊಂದು ಲಾಕ್ ಆಗುತ್ತವೆ, ಎರಡೂ ಒಂದೇ ಸಮ ತಿರುಗಲೇಬೇಕು. ಆ ಎರಡು ಮೀಟರ್ ವ್ಯತ್ಯಾಸ ಎಲ್ಲಿ ಹೋಗಬೇಕು? ಕೆಸರಿನಲ್ಲಿ, ಮರಳಿನಲ್ಲಿ, ಸಡಿಲ ಗರಸಿನಲ್ಲಿ ಟೈರು ಸ್ವಲ್ಪ ಜಾರಿ ಅದನ್ನು ಕಳೆದುಬಿಡುತ್ತದೆ. ಡಾಂಬರ್ ಮೇಲೆ ಟೈರು ಜಾರೋದಿಲ್ಲ. ಆಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟು, ಶಾಫ್ಟಿನ ಕೀಲಿನ ಕ್ರಾಸು, ಚೈನು, ಗೇರಿನ ಹಲ್ಲು ಎಲ್ಲದರ ಮೇಲೂ ತಿರುಚು ಬೀಳುತ್ತದೆ.

ಎಲ್ಲ ಗಾಡಿಗೂ ಇದು ಅನ್ವಯ ಆಗೋದಿಲ್ಲ. ಕೆಲವು ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುತ್ತಿರುತ್ತದೆ. ಅವುಗಳಲ್ಲಿ ಈ ವ್ಯತ್ಯಾಸ ತಾಳಿಕೊಳ್ಳಲು ನಡುವೆ ಡಿಫರೆನ್ಷಿಯಲ್ಲೋ ಕ್ಲಚ್ಚೋ ಇಟ್ಟಿರುತ್ತಾರೆ. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಮಹೀಂದ್ರ ಥಾರ್ ಇಂಥವುಗಳಲ್ಲಿ ಅದಿಲ್ಲ. ಗುಂಡಿ ಅಥವಾ ಲಿವರ್ ಮೇಲೆ 2ಎಚ್, 4ಎಚ್, 4ಎಲ್ ಅಂತ ಇದ್ದರೆ ನಿಮ್ಮದೂ ಅದೇ ಜಾತಿ ಅಂತ ತಿಳಿದು, ಕೈಪಿಡಿಯ ಆ ಪುಟವನ್ನು ಯಾರಿಂದಲಾದರೂ ಓದಿಸಿಕೊಳ್ಳಿ.

ಡಾಂಬರ್ ಬಿಟ್ಟು ಹೊಲದ ದಾರಿಗೆ ಇಳಿಯುವ ಮೊದಲು 4ಎಚ್ ಹಾಕಿ. ಹೂತುಕೊಂಡ ಮೇಲೆ ಹಾಕಿದರೆ ಪ್ರಯೋಜನ ಕಮ್ಮಿ. ವಾಪಸ್ ರಸ್ತೆ ಹತ್ತುವ ಮುಂಚೆ, ಇನ್ನೂ ಮಣ್ಣಿನ ಮೇಲಿರುವಾಗಲೇ 2ಎಚ್‌ಗೆ ತನ್ನಿ. ಸ್ಟೇರಿಂಗ್ ನೆಟ್ಟಗಿರಲಿ, ವೇಗ ಕಮ್ಮಿ ಇರಲಿ. ದೀಪ ಆರಲಿಲ್ಲ ಅಂದರೆ ಗಾಬರಿ ಬೇಡ, ಜೋರು ಮಾಡೋದೂ ಬೇಡ. ನೆಟ್ಟಗೆ ನಾಲ್ಕಾರು ಮೀಟರ್ ರಿವರ್ಸ್ ತಗೊಳ್ಳಿ. ತಿರುಚು ಬಿಡುತ್ತದೆ, ದೀಪ ಆರುತ್ತದೆ. ಇಷ್ಟು ಗೊತ್ತಿದ್ದರೆ ನಮ್ಮ ಗಾಡಿ ಉಳಿಯುತ್ತಿತ್ತು.

4ಎಲ್ ಬೇರೆಯೇ ಕೆಲಸಕ್ಕೆ. ಅದರಲ್ಲಿ ಚಕ್ರಕ್ಕೆ ಹೋಗುವ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಕಮ್ಮಿಯಾಗುತ್ತದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿಯೇ ಹಾಕಬೇಕು. ಹೂತ ಗಾಡಿ ಮೆಲ್ಲಗೆ ಎಬ್ಬಿಸೋಕೆ, ಕಪ್ಪತಗುಡ್ಡದ ಕಡೆಯಂಥ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಸುಡದೆ ಇಂಜಿನ್ ಮೇಲೇ ಇಳಿಯೋಕೆ ಅದು.

ನಮ್ಮ ಎರೆ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಡಿಯೋದಲ್ಲಿ ಮರಳು, ಕಲ್ಲು ಹತ್ತಿಸುವುದನ್ನು ನೋಡಿ ನವಲಗುಂದ, ನರಗುಂದ, ಕುಂದಗೋಳದ ಹಸಿ ಹೊಲಕ್ಕೆ ಇಳಿಯಬೇಡಿ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟು ಹಿಡಿಯುತ್ತದೆ. ಟೈರಿನ ಗೆರೆಗಳಲ್ಲಿ ತುಂಬಿಕೊಂಡರೆ ಟೈರು ಬೋಳಾದಂತೆಯೇ ಲೆಕ್ಕ. ಆಮೇಲೆ ನಾಲ್ಕು ಚಕ್ರ ತಿರುಗಿದರೆ ನಾಲ್ಕು ಗುಂಡಿ ಬೀಳುತ್ತವೆ, ಅಷ್ಟೇ. ಚಕ್ರ ಸುಮ್ನೆ ಸುತ್ತೋಕೆ ಶುರುವಾದ ಕ್ಷಣ ಕಾಲು ತೆಗೆಯಿರಿ. ಬಂದ ಗಾಲಿಯ ಜಾಡಿನಲ್ಲೇ ರಿವರ್ಸ್ ಪ್ರಯತ್ನಿಸಿ. ಆಗದಿದ್ದರೆ ಚಕ್ರದ ಮುಂದಿನ ಮಣ್ಣು ತೆಗೆದು ಜೋಳದ ಕಣಿಕೆಯನ್ನೋ ಗೋಣಿಚೀಲವನ್ನೋ ಹಾಕಿ 4ಎಲ್‌ನಲ್ಲಿ ಎರಡನೇ ಗೇರಿನಲ್ಲಿ ಮೆಲ್ಲಗೆ ಬನ್ನಿ. ಟ್ರ್ಯಾಕ್ಟರಿನಿಂದ ಎಳೆಸಿದರೆ ಚಾಸಿಗೆ ಹಾಕಿದ ಹುಕ್ಕಿಗೇ ಕಟ್ಟಿ, ಬಂಪರಿಗೆ ಬೇಡ, ಸ್ಟೇರಿಂಗ್ ರಾಡಿಗೆ ಬೇಡವೇ ಬೇಡ. ಎಳೆಯುವಾಗ ಹಗ್ಗದ ಹತ್ತಿರ ಹುಡುಗರನ್ನು ನಿಲ್ಲಿಸಬೇಡಿ. ಹಗ್ಗ ಹರಿದು ಹೊಡೆದರೆ ಜೀವಕ್ಕೇ ಅಪಾಯ.

ನಮ್ಮ ಕಡೆಯ ಬೆಣ್ಣೆಹಳ್ಳ ತುಂಬಿ ಬಂದಾಗ 4ಎಚ್, 4ಎಲ್ ಯಾವುದೂ ಕಾಪಾಡೋದಿಲ್ಲ. ರಭಸದಿಂದ ಹರಿಯುವ ಎರಡು ಅಡಿ ನೀರು ದೊಡ್ಡ ಗಾಡಿಯನ್ನೂ ಎತ್ತಿ ಒಯ್ಯುತ್ತದೆ. ಕಾಯಿರಿ. ಹಾಗೇ, ಫೋರ್ ಬೈ ಫೋರ್ ಇರೋದು ಮುಂದೆ ಹೋಗೋಕೆ. ಒದ್ದೆ ಹೈವೇಯಲ್ಲಿ ಅದರಿಂದ ಬ್ರೇಕ್ ಬೇಗ ಹಿಡಿಯೋದಿಲ್ಲ.

ಟೈರು ಬದಲಿಸುವಾಗ ನಾಲ್ಕನ್ನೂ ಒಂದೇ ಸೈಜಿನಲ್ಲಿ ಒಟ್ಟಿಗೆ ಬದಲಿಸಿ. ಮುಂದೆ ಹೊಸದು ಹಿಂದೆ ಸವೆದದ್ದು ಇದ್ದರೆ, 4ಎಚ್‌ನಲ್ಲಿ ನೆಟ್ಟಗೆ ಹೋದರೂ ಅದೇ ತಿರುಚು ಬೀಳುತ್ತದೆ. ಹಾಗಂತ ಹೆದರಿ 4ಎಚ್ ಮುಟ್ಟದೇ ಇರಬೇಡಿ. ಒಳಗೆ ಆಯಿಲ್ ಓಡಾಡಬೇಕು. ತಿಂಗಳಿಗೆ ಕನಿಷ್ಠ 16 ಕಿ.ಮೀ. ಫೋರ್ ವೀಲ್‌ನಲ್ಲಿ ಓಡಿಸಿ ಅಂತ ಟೊಯೊಟಾ ತನ್ನ ಕೈಪಿಡಿಗಳಲ್ಲಿ ಹೇಳುತ್ತದೆ. ಹೊಲದ ದಾರಿ ಇದ್ದವರಿಗೆ ಅದೇನು ಕಷ್ಟವಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ನಮ್ಮಂಥ ಗಾಡಿಯನ್ನು ತೊಳೆದು ನಿಲ್ಲಿಸಿದರೆ ಹೊರಗಿಂದ ಏನೂ ಗೊತ್ತಾಗೋದಿಲ್ಲ. ಮಣ್ಣಿನ ರಸ್ತೆಗೆ ಒಯ್ದು 4ಎಚ್, 4ಎಲ್ ಎರಡೂ ಹಾಕಿ ಓಡಿಸಿ, ತೆಗೆದ ಮೇಲೆ ದೀಪ ಆರುತ್ತದಾ ನೋಡಿ. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸ್ವಲ್ಪ ಇಳಿಸಿ ಮ್ಯಾಗ್ನೆಟ್ ಅದ್ದಿಸಿ. ಮಾರುವವರು "ಅದನ್ನೆಲ್ಲ ಯಾಕ ಬಿಚ್ಚಸ್ತೀರಿ, ಬ್ಯಾಡ ಬಿಡ್ರಿ" ಅಂದರೆ ಆ ಗಾಡಿ ಬಿಟ್ಟು ಬನ್ನಿ.