ಲಂಡನ್–ಪ್ಯಾರಿಸ್: ಮನೆಬಾಗಿಲಿಂದ ಲೆಕ್ಕ ಹಾಕಿದರೆ ಯಾವುದು ಬೇಗ?

ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಲಂಡನ್ನಿಂದ ಪ್ಯಾರಿಸ್ಸಿಗೆ ಸುಮಾರು 344 ಕಿ.ಮೀ. ರೈಲುಹಳಿಯ ದಾರಿ ಮಾತ್ರ 490 ಕಿ.ಮೀ. ದಾಟುತ್ತದೆ. ವಿಮಾನಕ್ಕೆ ಒಂದೂಕಾಲು ಗಂಟೆ, ಯೂರೋಸ್ಟಾರ್ ರೈಲಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಇಷ್ಟನ್ನೇ ನೋಡಿ ವಿಮಾನ ಹತ್ತಿದವರು ಕೊನೆಗೆ ತಡವಾಗಿ ತಲುಪುತ್ತಾರೆ.

ಲಂಡನ್ನಿನ ನಡುವಿನಿಂದ ಹೀಥ್ರೂ ವಿಮಾನ ನಿಲ್ದಾಣಕ್ಕೆ ಪಿಕಡಿಲಿ ಲೈನಿನ ಮೆಟ್ರೊದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಎಲಿಜಬೆತ್ ಲೈನಿನ ರೈಲು ಇನ್ನೂ ಬೇಗ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜಿಗೆ ಕಾಯುವುದು, ಆಮೇಲೆ ಆರ್‌ಇಆರ್ ಬಿ ಎಂಬ ಸ್ಥಳೀಯ ರೈಲಿನಲ್ಲಿ ಊರೊಳಗಿನ ಗಾರ್ ದು ನೋರ್ ರೈಲು ನಿಲ್ದಾಣಕ್ಕೆ ಮತ್ತೆ ಅರ್ಧ ಗಂಟೆ. ಒಟ್ಟು ಐದೂವರೆ ಗಂಟೆ ಹಿಡಿಯಿರಿ. ಹೀಥ್ರೂ ಪಕ್ಕದಲ್ಲೇ ಮನೆಯಿದ್ದರೆ ಮಾತು ಬೇರೆ.

ಯೂರೋಸ್ಟಾರ್ ಹೊರಡುವ ಸೇಂಟ್ ಪ್ಯಾಂಕ್ರಾಸ್, ತಲುಪುವ ಗಾರ್ ದು ನೋರ್ ಎರಡೂ ಊರೊಳಗೇ ಇವೆ. ಫ್ರೆಂಚ್ ಪೊಲೀಸರ ತಪಾಸಣೆ ಲಂಡನ್ನಿನಲ್ಲೇ ಮುಗಿಯುವುದರಿಂದ ಪ್ಯಾರಿಸ್ಸಿನಲ್ಲಿ ಇಳಿದವರೇ ಸೀದಾ ಹೊರಗೆ. ಆದರೆ 2025ರ ಅಕ್ಟೋಬರಿನಲ್ಲಿ ಐರೋಪ್ಯ ಒಕ್ಕೂಟ ಬೆರಳಚ್ಚು-ಫೋಟೊ ನೋಂದಣಿ ಶುರುಮಾಡಿದೆ. ಭಾರತೀಯ ಪಾಸ್‌ಪೋರ್ಟಿನಲ್ಲಿ ಪ್ರವಾಸ ಬಂದವರು ಒಂದೂವರೆ ಗಂಟೆ ಮುಂಚೆ ಹೋಗುವುದೇ ಕ್ಷೇಮ. ಹೊರಡಲು ಅರ್ಧ ಗಂಟೆಯಿದೆ ಎನ್ನುವಾಗ ಗೇಟು ಮುಚ್ಚುತ್ತದೆ, ಬೇಡಿಕೊಂಡರೂ ತೆರೆಯುವುದಿಲ್ಲ. ಅಷ್ಟೆಲ್ಲ ಸೇರಿಸಿದರೂ ನಾಲ್ಕೂಕಾಲು ಗಂಟೆ. 85 ಸೆಂ.ಮೀ. ಒಳಗಿನ ಎರಡು ಪೆಟ್ಟಿಗೆ, ಒಂದು ಕೈಚೀಲ ಒಯ್ಯಬಹುದು. ತೂಕದ ಮಿತಿಯಿಲ್ಲ, ನೀರಿನ ಬಾಟಲಿಗೂ ತಕರಾರಿಲ್ಲ. ಮಾವಿನ ಉಪ್ಪಿನಕಾಯಿ ಸರಿ, ತುಪ್ಪ ಮತ್ತು ಪೇಡ ಬೇಡ: ಬ್ರಿಟನ್ನಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ.

ಹೋಗಲು ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಶೆಂಗನ್ ವೀಸಾ, ಮರಳಲು ಅವಧಿ ಉಳಿದಿರುವ ಬ್ರಿಟನ್ ವೀಸಾ, ಎರಡೂ ಬೇಕು. ವಾಪಸಾಗುವಾಗ ಎರಡೂ ದೇಶಗಳ ಕೌಂಟರು ಗಾರ್ ದು ನೋರ್‌ನಲ್ಲೇ ಒಂದಾದ ಮೇಲೊಂದು ಸಿಗುತ್ತವೆ. ಭಾನುವಾರ ಸಂಜೆ ಆ ಸಾಲು ನಿಜಕ್ಕೂ ಬೇಸರ.

ರೈಲಿನ ದೌರ್ಬಲ್ಯ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಸಮುದ್ರದಡಿಯ ಸುರಂಗವೇ. 50 ಕಿ.ಮೀ. ಉದ್ದದ ಅದು ಮುಚ್ಚಿದರೆ ರೈಲಿಗೆ ಬೇರೆ ದಾರಿಯಿಲ್ಲ. 2009ರ ಡಿಸೆಂಬರಿನಲ್ಲಿ ಹೊರಗಿನ ಪುಡಿಹಿಮ ಒಳಸೇರಿ, ಸುರಂಗದ ಬಿಸಿ ಗಾಳಿಗೆ ಕರಗಿ, ವಿದ್ಯುತ್ ಉಪಕರಣ ಕೆಟ್ಟು ರೈಲುಗಳು ಒಳಗೇ ಸಿಕ್ಕಿಕೊಂಡವು. ಟಿಕೆಟ್ ದರವೂ ಒಂದು ತೊಡಕು: ತಿಂಗಳುಗಳ ಮುಂಚೆ ಕೊಂಡರೆ ಅಗ್ಗ, ಹಿಂದಿನ ದಿನ ಕೊಂಡರೆ ಅದರ ಮೂರು-ನಾಲ್ಕು ಪಟ್ಟು.

ಆಗ ಉಳಿಯುವುದು ಲಂಡನ್ನಿನ ವಿಕ್ಟೋರಿಯಾದಿಂದ ಪ್ಯಾರಿಸ್ಸಿನ ಬೆರ್ಸಿಗೆ ಹೋಗುವ ಬಸ್ಸು: ಎಂಟೊಂಬತ್ತು ಗಂಟೆ, ಎಲ್ಲಕ್ಕಿಂತ ಕಡಿಮೆ ದುಡ್ಡು. ರಾತ್ರಿ ಬಸ್ಸಿನಿಂದ ಹೋಟೆಲ್ ಖರ್ಚು ಉಳಿಯುತ್ತದೆ, ನಿದ್ದೆ ಉಳಿಯುವುದಿಲ್ಲ. ಪಾಸ್‌ಪೋರ್ಟಿಗೆಂದು ನಡುರಾತ್ರಿ ಎಬ್ಬಿಸುತ್ತಾರೆ. ಸಮುದ್ರ ದಾಟಲು ಬಸ್ಸು ಡೋವರ್–ಕ್ಯಾಲೇ ಹಡಗು ಹತ್ತಿದರೆ ಒಂದೂವರೆ ಗಂಟೆ ಬಸ್ಸು ಬಿಟ್ಟು ಮೇಲಿನ ಅಂತಸ್ತಿನಲ್ಲಿ ಕೂರಬೇಕು. ಬಸ್ಸನ್ನೇ ರೈಲಿಗೇರಿಸಿ ಸುರಂಗ ದಾಟಿಸಿದರೆ 35 ನಿಮಿಷ.

ವೇಳಾಪಟ್ಟಿ ಓದುವಾಗ ಒಂದು ಎಚ್ಚರ: ಪ್ಯಾರಿಸ್ ಗಡಿಯಾರ ಒಂದು ಗಂಟೆ ಮುಂದಿದೆ. 10 ಗಂಟೆಗೆ ಹೊರಟ ರೈಲು 1:20ಕ್ಕೆ ತಲುಪುತ್ತದೆ ಎಂದಿದ್ದರೆ ಪ್ರಯಾಣ ಮೂರು ಗಂಟೆ ಇಪ್ಪತ್ತು ನಿಮಿಷದ್ದಲ್ಲ, ಎರಡು ಗಂಟೆ ಇಪ್ಪತ್ತು ನಿಮಿಷದ್ದು.